ಸೌಟಕ್ಕನ ಪಾಲಿಗೆ ಬಿದ್ದ ಕಥೆ

ನಮ್ಮವನು ಆ ನಾಟಕದ ತಾಲೀಮಿಗೆ ಮೊದಲ ದಿನ ಹೋದದ್ದು ಇಸ್ತ್ರಿ ಮಾಡಿದ ಷರ್ಟು ತೊಟ್ಟು, ಅಂಕಪಟ್ಟಿಗಳ ಫೈಲನ್ನು ಕಂಕುಳಲ್ಲಿ ಇರುಕಿಕೊಂಡು. ತಪ್ಪು ಪೂರ್ತಿ ಅವನದೇ ಎನ್ನುವ ಹಾಗಿಲ್ಲ. ವಾಚನಾಲಯದ ಗೋಡೆಯ ಮೇಲಿದ್ದ ಚೀಟಿಯಲ್ಲಿ 'ಕೆಲಸ ಇಲ್ಲದವರು, ಮನೆ ಇಲ್ಲದವರು ಹತ್ತು ಜನ ಬೇಕಾಗಿದ್ದಾರೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಮಹಡಿಯ ಮೇಲೆ' ಎಂದಿತ್ತು. ಅದರ ಕೆಳಗಿದ್ದ 'ನಾಟಕ' ಎಂಬ ಪದದ ಮೇಲೆ ಯಾರೋ ಟ್ಯೂಷನ್ನಿನ ಜಾಹೀರಾತು ಅಂಟಿಸಿಬಿಟ್ಟಿದ್ದರು.

ಮಹಡಿಯ ಮೇಲೆ ಬರಿಗಾಲಿನ ಒಬ್ಬ ಗಡ್ಡದ ಮನುಷ್ಯ, "ಬನ್ನಿ ಬನ್ನಿ, ನೆಲದ ಮೇಲೆ ಅಂಗಾತ ಮಲಗಿ, ಉಸಿರು ಬಿಡಿ" ಎಂದ. ಮೊದಲು ವೈದ್ಯಕೀಯ ತಪಾಸಣೆ ಇರಬೇಕು ಅಂದುಕೊಂಡ ನಮ್ಮವನು ಷರ್ಟಿನ ಎರಡು ಗುಂಡಿ ಬಿಚ್ಚಿ ಮಲಗಿ, "ನಾಲಿಗೆ ತೋರಿಸ್ಬೇಕಾ ಸಾರ್?" ಎಂದು ಕೇಳಿದ. ಗಡ್ಡದವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, "ನೀವು ಯಾರಿಗೂ ಹೇಳದ ಒಂದು ವಿಷಯ ಹೇಳಿ" ಎಂದಾಗ, "ಪಿಯುಸೀಲಿ ಒಂದ್ಸಲ ಫೇಲು ಸಾರ್. ಆದ್ರೆ ಕಟ್ಟಿ ಪಾಸ್ ಮಾಡ್ಕೊಂಡಿದೀನಿ, ಫೈಲಲ್ಲಿದೆ" ಎಂದ. ಸುತ್ತ ಮಲಗಿದ್ದವರೆಲ್ಲ ಎದ್ದು ಕೂತು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಕಿಟಕಿಯ ಹತ್ತಿರ ಇದ್ದ, ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ಅವಳ ಬಟ್ಟೆಚೀಲದಿಂದ ಒಂದು ಉದ್ದನೆಯ ಸ್ಟೀಲ್ ಸೌಟು ಹೊರಗೆ ಇಣುಕುತ್ತಿತ್ತು.

ಅವಳೇ ಸೌಟಕ್ಕ.

ಹತ್ತೊಂಬತ್ತು ವರ್ಷ ಒಂದು ವಿದ್ಯಾರ್ಥಿ ಹಾಸ್ಟೆಲಿನಲ್ಲಿ ಅಡುಗೆ ಮಾಡಿದವಳು. ಮಲಗುತ್ತಿದ್ದದ್ದೂ ಅಲ್ಲೇ, ಅಡುಗೆಮನೆಯ ಹಿಂದಿನ ಉಗ್ರಾಣದಲ್ಲಿ, ಮೂಟೆಗಳ ನಡುವೆ. ಒಂದು ಬೆಳಿಗ್ಗೆ ಯಜಮಾನರು ಬಂದು ಹಾಸ್ಟೆಲ್ ಮುಚ್ಚಿದೆ ಎಂದರು. "ಬೇರೆಯೋರದು ಮೊದಲು ಕೆಲಸ ಹೋಗುತ್ತೆ, ಆಮೇಲೆ ಮನೆ ಹೋಗುತ್ತೆ. ನಂದು ಎರಡೂ ಒಂದೇ ಬೀಗದಲ್ಲಿ ಹೋಯ್ತು ನೋಡಿ" ಎಂದು ಅವಳು ಹೇಳುತ್ತಿದ್ದದ್ದು ಬಸ್ಸು ತಪ್ಪಿದ ಸುದ್ದಿ ಹೇಳುವವರ ಧಾಟಿಯಲ್ಲಿ. ಬರುವಾಗ ಸೌಟೊಂದನ್ನು ಎತ್ತಿಕೊಂಡು ಬಂದಿದ್ದಳು. ಕಳ್ಳತನವಲ್ಲವೇ ಎಂದು ಯಾರೋ ಕೇಳಿದ್ದಕ್ಕೆ, "ಹಿಡಿದೂ ಹಿಡಿದೂ ಇದರ ಹಿಡಿ ನನ್ನ ಅಂಗೈ ಅಳತೆಗೆ ಸವೆದಿದೆ. ಬೇರೆಯೋರು ತಗೊಂಡು ಏನ್ಮಾಡ್ತಾರೆ?" ಎಂದಳು. ಆಮೇಲಿನ ವಾಸ ಬಸ್ ನಿಲ್ದಾಣದ ಹೆಂಗಸರ ಕೋಣೆಯಲ್ಲಿ. ಕಾವಲಿನವನ ಪಾಳಿ ಬದಲಾದಾಗಲೆಲ್ಲ ಎದ್ದು ಒಂದು ಸುತ್ತು ಹಾಕಿ, ಈಗ ತಾನೇ ಬಸ್ಸಿಳಿದವಳ ಹಾಗೆ ಮತ್ತೆ ಒಳಗೆ ಬರುವುದು.

ಆ ನಾಟಕಕ್ಕೆ ಬರೆದಿಟ್ಟ ಪುಸ್ತಕ ಇರಲಿಲ್ಲ. ದುಂಡಗೆ ಕೂತು ಒಬ್ಬೊಬ್ಬರೂ ತಮ್ಮ ಕಥೆ ಹೇಳಬೇಕು, ಎಲ್ಲ ಸೇರಿ ಅದನ್ನು ಕಟ್ಟಬೇಕು. ಗಡ್ಡದವರನ್ನು ಎಲ್ಲರೂ ಮೇಷ್ಟ್ರು ಎಂದು ಕರೆಯತೊಡಗಿದ್ದರು. ನಮ್ಮವನು ತನ್ನ ಕಥೆಯನ್ನು ಮೂರು ದಿನ ಮನಸ್ಸಿನಲ್ಲೇ ತಿದ್ದಿ ತೀಡಿಕೊಂಡು ಹೋದ.

ಅವನು ಕೆಲಸ ಮಾಡುತ್ತಿದ್ದ ಪಾರ್ಸೆಲ್ ಗೋದಾಮು ಮುಚ್ಚಿಹೋಗಿತ್ತು. ಅದನ್ನು ಅಮ್ಮನಿಗೆ ಹೇಳಲು ಬಾಯಿ ಬರಲಿಲ್ಲ. ಅಪ್ಪ ತೀರಿಹೋದ ಮೇಲೆ ಮನೆಯಲ್ಲಿದ್ದವರು ಅವರಿಬ್ಬರೇ. ಹಾಗಾಗಿ ಬೆಳಿಗ್ಗೆ ಎಂಟಕ್ಕೆ ಅಮ್ಮ ಕಟ್ಟಿಕೊಟ್ಟ ಊಟದ ಡಬ್ಬಿ ಹಿಡಿದು ಹೊರಟು, ದೊಡ್ಡಾಸ್ಪತ್ರೆಯ ಹೊರರೋಗಿಗಳ ಬೆಂಚಿನ ಮೇಲೆ ಕೂರುತ್ತಿದ್ದ. ಅಲ್ಲಿ ಫ್ಯಾನಿತ್ತು, ಕುಡಿಯುವ ನೀರಿತ್ತು, ಯಾಕೆ ಕೂತಿದ್ದೀಯ ಎಂದು ಕೇಳುವವರಿರಲಿಲ್ಲ. ಟೋಕನ್ ತೆಗೆದುಕೊಂಡು, ತನ್ನ ಸರದಿ ಬಂದಾಗ ಪಕ್ಕದವರಿಗೆ ಬಿಟ್ಟುಕೊಡುತ್ತಿದ್ದ. ಒಂದು ದಿನ ನರ್ಸ್ ಬಂದು "ನಿಮ್ಮ ಪೇಷೆಂಟ್ ಯಾರು?" ಎಂದಾಗ ಗಾಬರಿಯಾಗಿ, ತೂಕಡಿಸುತ್ತಿದ್ದ ಒಬ್ಬ ಮುದುಕನ ಕಡೆ ಕೈ ತೋರಿಸಿ, ಅವನನ್ನು ಗಾಲಿಕುರ್ಚಿಯಲ್ಲಿ ಎಕ್ಸ್‌ರೇಗೆ ತಳ್ಳಿಕೊಂಡು ಹೋಗಿದ್ದ. ಸಂಜೆ ಮನೆಗೆ ಬಂದು, ಇವತ್ತು ಬಹಳ ಲೋಡು ಬಂದಿತ್ತಮ್ಮ ಎನ್ನುವುದು. ಹೀಗೆ ಆರು ತಿಂಗಳು.

ಹೇಳುತ್ತ ಹೇಳುತ್ತ ಅವನೇ ಬಿಕ್ಕಿದ. ಕೂತಿದ್ದವರು ತಲೆ ತಗ್ಗಿಸಿದರು. ನಾಯಕನ ಪಾತ್ರ ತನ್ನದೇ ಎಂದು ಅವನಿಗೆ ಖಾತ್ರಿಯಾಯಿತು.

ಆಗ ಮೇಷ್ಟ್ರು ಬಿಸ್ಕತ್ತಿನ ಡಬ್ಬವೊಂದನ್ನು ತಂದರು. ಎಲ್ಲರ ಕಥೆಗಳನ್ನೂ ಚೀಟಿಗಳಲ್ಲಿ ಬರೆದು ಅದಕ್ಕೆ ಹಾಕಿ ಕುಲುಕಿದರು. "ಇಲ್ಲಿ ಒಂದೇ ನಿಯಮ. ಯಾರೂ ತಮ್ಮ ಕಥೆ ತಾವೇ ಆಡಬಾರದು." ನಮ್ಮವನ ಕೈಗೆ ಬಸ್ ನಿಲ್ದಾಣ ಬಂತು. ಅವನ ಆಸ್ಪತ್ರೆ ಬೆಂಚು ಸೌಟಕ್ಕನ ಪಾಲಿಗೆ ಬಿತ್ತು.

ಅಷ್ಟರಲ್ಲಿ ಅವನಿಗೊಂದು ಕೆಲಸ ಸಿಕ್ಕಿತು, ಅದೂ ಹಾಸಿಗೆ ಅಂಗಡಿಯಲ್ಲಿ. ಬಂದ ಗಿರಾಕಿಗಳನ್ನು ಮಲಗಿಸಿ, ಮಗ್ಗುಲು ಬದಲಾಯಿಸಲು ಹೇಳಿ, ಬೆನ್ನುಮೂಳೆಯ ಮಹತ್ವ ವಿವರಿಸುವುದು. ಅಮ್ಮನಿಗೆ ಕಂಪನಿ ಬದಲಾಯಿಸಿದೆ ಎಂದ. ಅಮ್ಮ, "ಒಳ್ಳೇದಾಯ್ತು ಬಿಡು" ಎಂದಳು, ಅಷ್ಟೇ. ತಾಲೀಮಿನಲ್ಲಿ ಸಂಬಳ ಬರುವವನು ಅವನೊಬ್ಬನೇ ಆದದ್ದರಿಂದ 'ಹಾಸಿಗೆ ಸಾಹೇಬ' ಎಂಬ ಬಿರುದು ಬಂತು. ಬಿರುದಿಗೆ ತಕ್ಕ ಹಾಗೆ ನಡೆದುಕೊಳ್ಳಲು ಹೋಗಿ ಕೆಟ್ಟ. ರಿಪೇರಿಗೆಂದು ಬಸ್ ನಿಲ್ದಾಣದ ಹೆಂಗಸರ ಕೋಣೆಗೆ ಬೀಗ ಹಾಕಿದ್ದಾರೆ ಎಂದು ಸೌಟಕ್ಕ ಹೇಳಿದ ದಿನ, ಎಲ್ಲರೂ ಕೇಳಿಸಿಕೊಳ್ಳಲಿ ಎಂದು ಗಂಟಲು ಏರಿಸಿ, "ನಮ್ಮನೆಗೆ ಬನ್ನಿ ಅಕ್ಕಾ. ಎರಡು ದಿನ ಇದ್ದು ಹೋಗಿ" ಎಂದುಬಿಟ್ಟ. ಒಂದಿಬ್ಬರು ಚಪ್ಪಾಳೆಯನ್ನೂ ತಟ್ಟಿದರು.

ಬೆಂಚಿನ ವಿಷಯ ಅಮ್ಮನ ಹತ್ತಿರ ಎತ್ತಕೂಡದು ಎಂದು ದಾರಿಯಲ್ಲೇ ಅವಳಿಂದ ಮಾತು ತೆಗೆದುಕೊಂಡ. ಆ ಎರಡು ದಿನ ಮೂರು ತಿಂಗಳಾಯಿತು. ಅವನ ಕೋಣೆ ಸೌಟಕ್ಕನದಾಯಿತು. ಮೊದಲ ಸಂಬಳದಲ್ಲಿ ತಂದ ಆರಿಂಚಿನ ಹಾಸಿಗೆ ಅವಳ ಬೆನ್ನಿಗೆ ಹೋಯಿತು. ಊರಿಗೆಲ್ಲ ಬೆನ್ನುಮೂಳೆಯ ಪಾಠ ಹೇಳುವವನು ನಡುಮನೆಯ ಚಾಪೆಯ ಮೇಲೆ ಮಲಗಿ, ಬೆಳಿಗ್ಗೆ ಸೊಂಟ ಹಿಡಿದುಕೊಂಡು ಏಳುತ್ತಿದ್ದ. ಅವಳು ಬಿಟ್ಟಿ ಕೂತು ತಿನ್ನುವವಳಾಗಿದ್ದರೆ ಬೈಯಲಾದರೂ ಒಂದು ದಾರಿ ಇರುತ್ತಿತ್ತು. ಹತ್ತಿರದ ಕ್ಯಾಂಟೀನಿನಲ್ಲಿ ಅರ್ಧ ದಿನದ ಕೆಲಸ ಹುಡುಕಿಕೊಂಡಳು, ಮನೆಯ ಅಡುಗೆಯನ್ನೂ ಹಿಡಿದುಕೊಂಡಳು. ಅವನು ಎರಡನೇ ಸಲ ಬಡಿಸಿಕೊಂಡು ತಿನ್ನುತ್ತಲೇ ಒಳಗೊಳಗೆ ಉರಿಯುತ್ತಿದ್ದ.

ಎಲ್ಲಕ್ಕಿಂತ ಹೆಚ್ಚಿನ ಉರಿ ಹಿತ್ತಲಿನದು. ಭಾನುವಾರ ಬೆಳಿಗ್ಗೆ ಅಮ್ಮ ಮತ್ತು ಸೌಟಕ್ಕ ಬಟ್ಟೆ ಒಗೆಯಲು ಕೂತರೆಂದರೆ ಸೋಪಿನ ನೊರೆಗಿಂತ ನಗುವೇ ಜಾಸ್ತಿ. ಅಮ್ಮ ಅಷ್ಟು ನಕ್ಕದ್ದನ್ನು ಅವನು ಅಪ್ಪ ಹೋದ ಮೇಲೆ ನೋಡಿರಲಿಲ್ಲ. ಇವನು ಬಾಗಿಲಿಗೆ ಬಂದರೆ ಇಬ್ಬರೂ ಗಪ್‌ಚುಪ್.

"ಏನಮ್ಮಾ ಅಷ್ಟು ನಗು?"

"ಏನಿಲ್ಲಪ್ಪಾ. ನಮ್ಮ ನಮ್ಮ ಮಾತು."

ತನ್ನ ತಾಯಿಗೆ ತನಗೆ ಸೇರದ 'ನಮ್ಮ' ಒಂದು ಹುಟ್ಟಿಕೊಂಡಿದೆ ಎಂಬುದೇ ಅವನಿಗೆ ಇಡೀ ದಿನ ಕಣ್ಣಿನ ಕಸವಾಯಿತು. ಕೋಣೆ ಹೋಗಲಿ, ಹಾಸಿಗೆ ಹೋಗಲಿ. ಪ್ರದರ್ಶನದ ದಿನ ಅಮ್ಮನ ಎದುರು ತನ್ನ ಕಥೆಯನ್ನು ತಾನೇ ಆಡಿ, ಅವಳು ತನಗಾಗಿ ಒಂದು ಸಲ ಕಣ್ಣೊರೆಸಿಕೊಂಡರೆ ಸಾಕು ಎನಿಸಿತು. ಆಮೇಲೆ 'ಇದೆಲ್ಲ ಬರೀ ನಾಟಕ ಕಣಮ್ಮಾ' ಎಂದು ಜಾರಿಕೊಂಡರಾಯಿತು.

ಅಂಥದ್ದರಲ್ಲಿ ಒಂದು ತಾಲೀಮಿನ ದಿನ ಸೌಟಕ್ಕ ಹೊಸದೊಂದನ್ನು ಮಾಡಿ ತೋರಿಸಿದಳು. ಬೆಂಚಿನಿಂದ ಎದ್ದು, ಖಾಲಿ ಡಬ್ಬಿ ಮುಚ್ಚಿ, ಮನೆಗೆ ಹೊರಡುವ ಮುಂಚೆ ಗೋಡೆಯ ಅಂಚಿನ ಧೂಳನ್ನು ಬೆರಳಲ್ಲಿ ಬಳಿದು ಕಾಲರಿಗೆ ಸವರಿಕೊಂಡಳು. ಸರಿಯಾಯಿತಾ ಎಂದು ಕತ್ತು ಹೊರಳಿಸಿ ನೋಡಿ, ಇನ್ನೊಂದಿಷ್ಟು ಸವರಿಕೊಂಡಳು.

ನಮ್ಮವನು ಕೂತಲ್ಲಿಂದ ಎದ್ದುಬಿಟ್ಟ. ಆರು ತಿಂಗಳು ಪ್ರತಿ ಸಂಜೆ ಆಸ್ಪತ್ರೆಯ ಸೈಕಲ್ ಸ್ಟ್ಯಾಂಡಿನ ಗೋಡೆಯ ಹತ್ತಿರ ಅವನು ಮಾಡುತ್ತಿದ್ದದ್ದೇ ಅದು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಕೆಲಸ ಹೋದದ್ದನ್ನು ಹೇಳಬಹುದು, ಅತ್ತದ್ದನ್ನೂ ಹೇಳಬಹುದು. ಕೈಯಾರೆ ಕಾಲರ್ ಕೊಳೆ ಮಾಡಿಕೊಂಡದ್ದನ್ನು ಹೇಗೆ ಹೇಳುವುದು?

"ಅದು ಕಥೆಯಲ್ಲಿ ಇಲ್ಲ ಸಾರ್. ತೆಗೆಸಿ" ಎಂದ.

ಮೇಷ್ಟ್ರು ಗಡ್ಡ ಕೆರೆದುಕೊಂಡರು. "ನಿನ್ನ ಇಡೀ ಕಥೆಯಲ್ಲಿ ನಾನು ಪೂರ್ತಿ ನಂಬಿದ್ದು ಅದೊಂದನ್ನೇ ಕಣಯ್ಯಾ."

ಮನೆಗೆ ನಡೆಯುವಾಗ ಅವನು ನೇರವಾಗಿ ಸೌಟಕ್ಕನ ಹತ್ತಿರವೇ ರಾಜಿಗೆ ಹೋದ. "ಅಕ್ಕಾ, ಬದಲಾಯಿಸ್ಕೊಳ್ಳೋಣ. ನಿಮ್ಮದು ನಿಮಗೆ, ನಂದು ನನಗೆ. ಮೇಷ್ಟ್ರಿಗೆ ನೀವು ಹೇಳಿದ್ರೆ ಕೇಳ್ತಾರೆ."

"ಯಾಕೆ, ನನ್ನ ಬಸ್ ಸ್ಟ್ಯಾಂಡು ಚೆನ್ನಾಗಿಲ್ವಾ?"

"ಹಾಗಲ್ಲ. ನಂದನ್ನ ನಾನೇ ಮಾಡಿದ್ರೆ ಜನ ಅಳ್ತಾರೆ."

"ನೀನು ಮಾಡಿದ್ರೆ ನೀನೇ ಅಳ್ತೀಯ. ಜನಕ್ಕೇನು ಉಳಿಯುತ್ತೆ?" ಎಂದು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡಳು. "ತರಕಾರಿ ತಗೋಬೇಕು, ಬೇಗ ನಡಿ."

ಪ್ರದರ್ಶನ ಒಂದು ಶಾಲೆಯ ಸಭಾಂಗಣದಲ್ಲಿ, ಸಂಜೆ ಐದಕ್ಕೆ. ಅಮ್ಮ ಮೂರನೇ ಸಾಲಿನಲ್ಲಿ, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಮ್ಮವನು ಬಸ್ ನಿಲ್ದಾಣದ ನೆಲದ ಮೇಲೆ ಉರುಳಾಡಿದ, ಎದೆ ಬಡಿದುಕೊಂಡ, ಸೌಟನ್ನು ಅಪ್ಪಿಕೊಂಡು ಗೋಳಾಡಿದ. ಎರಡನೇ ಸಾಲಿನವರೊಬ್ಬರು ಆಕಳಿಸಿದರು. ಅಮ್ಮ ಕನ್ನಡಕ ತೆಗೆದಾಗ ಅವನಿಗೆ ಒಂದು ಗಳಿಗೆ ಆಸೆ ಹುಟ್ಟಿತು. ಅವಳು ಅದರ ಗಾಜನ್ನು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು.

ಆಮೇಲೆ ಸೌಟಕ್ಕ ಅವನ ಹಳೆಯ ಷರ್ಟು ತೊಟ್ಟು ಬಂದಳು. ಏನೂ ಮಾಡಲಿಲ್ಲ ಅವಳು. ಕೂತಳು. ಟೋಕನ್ ನೋಡಿಕೊಂಡಳು. ಡಬ್ಬಿ ತೆರೆದು, ಯಾರಾದರೂ ನೋಡುತ್ತಿದ್ದಾರಾ ಎಂದು ಆ ಕಡೆ ಈ ಕಡೆ ನೋಡಿ, ತಿಂದಳು. ಸಭಾಂಗಣ ಗಪ್ಪೆಂದಿತು. ಕಾಲರಿಗೆ ಧೂಳು ಸವರಿಕೊಂಡಾಗ ಮೂರನೇ ಸಾಲಿನಿಂದ ಒಂದು ನಗು ಕಿಸಕ್ಕೆಂದು ಹೊರಬಿತ್ತು. ಅದರ ಹಿಂದೆಯೇ ಎಲ್ಲರೂ ನಕ್ಕರು, ನಕ್ಕು ಮೂಗೊರೆಸಿಕೊಂಡರು. ಮೊದಲು ನಕ್ಕವಳು ಅಮ್ಮ. ಈಗ ಸೆರಗು ಕಣ್ಣಿಗೇ ಹೋಯಿತು. ಪರದೆಯ ಪಕ್ಕದಿಂದ ಅದನ್ನು ಕಂಡ ನಮ್ಮವನು ಹಲ್ಲು ಕಡಿದ ಸದ್ದು ಪಕ್ಕದವನಿಗೂ ಕೇಳಿಸಿತಂತೆ.

ನಾಟಕ ಮುಗಿದ ಮೇಲೆ ಸಂವಾದ. ಆಡಿದವರೆಲ್ಲ ಕುರ್ಚಿ ಹಾಕಿಕೊಂಡು ಸಾಲಾಗಿ ಕೂತರು. ಬಂದ ಪ್ರಶ್ನೆಗಳೆಲ್ಲ ಸೌಟಕ್ಕನಿಗೆ. ಅಷ್ಟು ದಿನ ಹೇಗೆ ತಡೆದುಕೊಂಡಿರಿ, ಆ ತಾಯಿಗೆ ಒಂದು ದಿನವಾದರೂ ಅನುಮಾನ ಬರಲಿಲ್ಲವೇ, ಪಾಪ ಎಂಥ ಮುಗ್ಧೆ, ಎಂದೆಲ್ಲ. ಸೌಟಕ್ಕ ಎಲ್ಲದಕ್ಕೂ "ಹೂಂ, ಹೂಂ" ಎನ್ನುತ್ತಿದ್ದಳು. ಕೊನೆಗೆ ಹಿಂದಿನಿಂದ ಒಬ್ಬರು ಕೈ ಎತ್ತಿ, "ನನ್ನ ಪ್ರಶ್ನೆ ಆ ಯುವಕರಿಗೆ" ಎಂದರು. ನಮ್ಮವನು ನೆಟ್ಟಗೆ ಕೂತು ಕೂದಲು ಸರಿಮಾಡಿಕೊಂಡ. "ನೀವು ಹಾಸಿಗೆ ಅಂಗಡಿಯವರಲ್ವಾ? ಎರಡು ತಿಂಗಳ ಹಿಂದೆ ತಗೊಂಡದ್ದು ಮಧ್ಯದಲ್ಲಿ ಗುಳಿ ಬಿದ್ದಿದೆ. ವಾರಂಟಿ ಸಿಗುತ್ತಾ?"

ಸಭೆ ಗೊಳ್ಳೆಂದಿತು. ಅವನು ಎದ್ದುನಿಂತು ಸೌಟಕ್ಕನ ಕೈಯಿಂದ ಮೈಕು ಕಿತ್ತುಕೊಂಡ.

"ಆ ಆಸ್ಪತ್ರೆ ಬೆಂಚಿನ ಕಥೆ ಇವರದ್ದಲ್ಲ. ನಂದು!"

ನಗು ನಿಂತಿತು. ಅಮ್ಮನ ಕಡೆ ನೋಡುವ ಧೈರ್ಯ ಅವನಿಗೆ ಬರಲಿಲ್ಲ. ಹೇಳಬಾರದ್ದನ್ನು ಹೇಳಬಾರದ ಕಡೆ, ಬರೀ ಹೊಟ್ಟೆಕಿಚ್ಚಿಗೆ ಹೇಳಿಯಾಗಿತ್ತು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲವಾದ್ದರಿಂದ, ತಿಂಗಳಿಂದ ಕೊರೆಯುತ್ತಿದ್ದದ್ದೂ ಹೊರಗೆ ಬಂತು.

"ಎಲ್ಲ ನಾನೇ ಹೇಳಿದ್ದು, ಸರಿ. ಆದ್ರೆ ಕಾಲರಿಗೆ ಧೂಳು ಹಚ್ಕೊಳ್ಳೋದು ನಾನು ಯಾರಿಗೂ, ಯಾರಿಗೂ ಹೇಳಿಲ್ಲ ಅಕ್ಕಾ. ಅದು ನಿಮಗೆ ಹೇಗೆ ಗೊತ್ತಾಯ್ತು? ಇಷ್ಟು ಜನರ ಮುಂದೆ ಹೇಳಿ."

ಸೌಟಕ್ಕ ಮೂರನೇ ಸಾಲಿನ ಕಡೆ ನೋಡಿದಳು. ಅಲ್ಲಿ ಅಮ್ಮ ಕೈಚೀಲದ ಜಿಪ್ಪನ್ನು ಎಳೆಯುತ್ತ, ಹಾಕುತ್ತ, ಕೊನೆಗೆ ಹೇಳಿಬಿಡು ಎನ್ನುವ ಹಾಗೆ ಗದ್ದ ಅಲ್ಲಾಡಿಸಿದಳು.

ಸೌಟಕ್ಕನಿಗೆ ಮೈಕು ಬೇಕಾಗಲಿಲ್ಲ.

"ನಿಮ್ಮಮ್ಮ ಹೇಳಿದ್ಲು. ಅವಳಿಗೆ ಮೊದಲ್ನೇ ವಾರದಲ್ಲೇ ಗೊತ್ತಾಗಿತ್ತು. ದುಡಿಯೋರ ಕಾಲರ್ ಕೊಳೆಯಾಗೋದು ಒಳಗಡೆ ಕಣೋ. ನೀನು ಹಚ್ಚಿದ್ದು ಹೊರಗಡೆ."