ಮುಚ್ಚಿದ ಗಣಿಯಲ್ಲಿ ಕೇಳಿದ ಕೇಜಿನ ಸದ್ದು

ಮನೆಯಲ್ಲಿ ಏನೋ ಓಡಾಡಿತು, ಸತ್ತವರು ಕರೆದರು ಎಂದು ಹೇಳುವವರನ್ನು ನಾನು ನಂಬಿದವಳಲ್ಲ. ಹೊಟ್ಟೆ ಸರಿಯಿಲ್ಲದಿದ್ದರೆ ಹಾಗೆಲ್ಲ ಆಗುತ್ತದೆ ಎಂದು ಮುಖಕ್ಕೇ ಹೇಳಿದ್ದೇನೆ. ಈಗ ನಾನು ಹೇಳುವುದನ್ನು ನೀವೂ ಹಾಗೇ ತಳ್ಳಿಹಾಕಬಹುದು. ನನಗೆ ಬೇಜಾರಿಲ್ಲ.

ನಮ್ಮ ಮನೆ ಕೋರಮಂಡಲ್‌ನಲ್ಲಿದೆ. ನನ್ನ ಗಂಡ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು. ಆಗೆಲ್ಲ ಭೂಮಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ನಮ್ಮ ಮನೆಗಳು ನಡುಗುತ್ತಿದ್ದವು. ಪಾತ್ರೆ ಸದ್ದಾಯಿತೆಂದರೆ ಹೆಂಗಸರೆಲ್ಲ ಇದ್ದಬದ್ದ ಕೆಲಸ ಬಿಟ್ಟು ಗಣಿಗೆ ಇಳಿಯುವ ಬಾವಿ, ಆ ಶಾಫ್ಟಿನ ಬಾಯಿಗೆ ಓಡುತ್ತಿದ್ದೆವು. ಒಳಗಿನವರನ್ನು ಹೊತ್ತು ಕೇಜು ಎಂಬ ಕಬ್ಬಿಣದ ಪಂಜರ ಮೇಲೆ ಬರುವವರೆಗೂ ಯಾರೂ ಅಳಬಾರದು, ಯಾರ ಹೆಸರನ್ನೂ ಕೂಗಬಾರದು. ನನ್ನ ಗಂಡ ಪ್ರತಿ ಸಲವೂ ಮೇಲೆ ಬಂದರು. ಕೊನೆಗೆ ಮನೆಯಲ್ಲೇ ಕೆಮ್ಮಿ ಕೆಮ್ಮಿ ಸತ್ತರು.

ಗಣಿ ಮುಚ್ಚಿತು. ಮಗ ಮುನಿರಾಜ ಮಿಲಿಟರಿ ಸೇರಿ ಲಾರಿ ಓಡಿಸುವವನಾದ. ಅವನಿದ್ದದ್ದು ಉತ್ತರದ ಹಿಮದ ಗಡಿಯಲ್ಲಿ. ಆ ಬೆಟ್ಟಗಳು ನಮ್ಮವೆಂದು ನಾವು, ತಮ್ಮವೆಂದು ಆಚೆ ದೇಶದವರು, ಇಬ್ಬರೂ ಬಂದೂಕು ಹಿಡಿದು ಎದುರುಬದುರು ಕೂತಿದ್ದಾರೆ. ಅಲ್ಲಿ ಹುಲ್ಲೂ ಬೆಳೆಯುವುದಿಲ್ಲವಂತೆ. ಹಿಮ ಬಿದ್ದು ರಸ್ತೆ ಮುಚ್ಚುವುದರೊಳಗೆ ಕೆಳಗಿನ ಕ್ಯಾಂಪಿನಿಂದ ಮೇಲಿನ ಠಾಣೆಗಳಿಗೆ ಹಿಟ್ಟು, ಬೇಳೆ, ಸೀಮೆಎಣ್ಣೆ, ಗುಂಡು ಎಲ್ಲ ಸಾಗಿಸಿ ಮುಗಿಸಬೇಕು. ಇಲ್ಲದಿದ್ದರೆ ಮೇಲಿದ್ದವರಿಗೆ ಚಳಿಗಾಲವೆಲ್ಲ ಉಪವಾಸ.

ರಜೆಗೆ ಬಂದಾಗ ನಗಾಡುತ್ತಿದ್ದ. "ಅಪ್ಪ ಭೂಮಿ ಒಳಕ್ಕೆ ಓಯ್ತಿದ್ದ, ನಾನು ಆಕಾಶಕ್ಕೆ ಓಯ್ತೀನಿ. ನೆಲದ ಮ್ಯಾಲೆ ದುಡಿಯೋನು ನಿಂಗೆ ಒಬ್ಬನೂ ಸಿಗ್ಲಿಲ್ವಲ್ಲಮ್ಮೋ."

"ಎಮ್ಮೆ ತೆಕ್ಕೊಡ್ತೀನಿ, ಇಲ್ಲೇ ಇರು ಕಣ್ಲಾ" ಎಂದು ನಾನು ಅಂದರೆ, "ಎಮ್ಮೆಗೆ ಗೇರ್ ಇಲ್ವಲ್ಲಮ್ಮ" ಅನ್ನುತ್ತಿದ್ದ.

ಅವತ್ತು ಸೊಸೆ ಮಂಜುಳಾ ಕಾಮಸಮುದ್ರದ ತವರಿಗೆ ಹೋಗಿದ್ದಳು. ಮಧ್ಯಾಹ್ನ ನಾನೊಬ್ಬಳೇ ರೊಟ್ಟಿಗೆ ರಾಗಿಹಿಟ್ಟು ಕಲಸುತ್ತಿದ್ದೆ. ಮನೆ ನಡುಗಿತು. ಗೂಡಿನಲ್ಲಿದ್ದ ತಟ್ಟೆಗಳು ಕೆಳಗೆ ಬಿದ್ದವು. ನಾನು ಯೋಚಿಸಲೇ ಇಲ್ಲ, ಹಿಟ್ಟಿನ ಕೈಯಲ್ಲೇ ಶಾಫ್ಟಿನ ಕಡೆ ಓಡಿದೆ. ಪಕ್ಕದ ಮನೆಯ ಕುಪ್ಪಮ್ಮ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು.

"ಎಲ್ಲಿಗಕ್ಕಾ ಓಡ್ತೀಯ? ಗಣಿ ಮುಚ್ಚಿ ಯಾವ ಕಾಲ ಆಯ್ತು. ಗಂಡನ್ನ ಕರ್ಕೊಂಬರಕ್ಕಾ?"

"ಅದುರಿದ್ದು ಗೊತ್ತಾಗ್ಲಿಲ್ವೇನೇ ನಿಂಗೆ?"

"ಏನೂ ಅದುರ್ಲಿಲ್ಲ. ನಿನ್ನ ಕಾಲು ಅದುರ್ತಾ ಐತೆ, ಅಷ್ಟೆ."

ಆದರೂ ಹೋದೆ. ಶಾಫ್ಟಿನ ಸುತ್ತ ಮುಳ್ಳುತಂತಿ ಬೇಲಿ. ಕೇಜಿನ ಹಗ್ಗ ಹೋಗಿ ಎಷ್ಟೋ ವರ್ಷ, ಒಳಗೆಲ್ಲ ನೀರು. ಬೇಲಿ ಹಿಡಿದು ನಿಂತೆ. ಕೇಜಿನ ಸದ್ದು ಕೇಳಿತು. ಹಗ್ಗ ಬಿಗಿದು ನರಳುವ ಸದ್ದು, ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು. ಹಗ್ಗ ಎಳೆಯುತ್ತಿದ್ದ ಮೇಲಿನ ಚಕ್ರ ಅಲುಗಲಿಲ್ಲ. ಅದರ ಮೇಲೊಂದು ಕಾಗೆ ಸುಮ್ಮನೆ ಕೂತಿತ್ತು. ಸುಡುವ ಬಿಸಿಲಿನಲ್ಲಿ ನನ್ನ ಕಾಲು ಮೊಣಕಾಲಿನವರೆಗೆ ಚಳಿಗೆ ಮರಗಟ್ಟಿತು. ಸದ್ದು ಕೇಳಿಯೇ ಕೇಜು ಜನರನ್ನು ಹೊತ್ತು ಏರುತ್ತಿದೆಯೋ ಬರಿದಾಗಿ ಇಳಿಯುತ್ತಿದೆಯೋ ಹೇಳುತ್ತಿದ್ದವರು ನಾವು. ಅವತ್ತು ಗೊತ್ತಾಗಲಿಲ್ಲ. ಸದ್ದು ನಿಂತಿತು. ಏನೂ ಬರಲಿಲ್ಲ.

ಸಂಜೆ ಮಿಲಿಟರಿಯವರ ಫೋನ್ ಬಂತು. ಸಾಲಾಗಿ ಹೋಗುತ್ತಿದ್ದ ಲಾರಿಗಳ ಮೇಲೆ ಬೆಟ್ಟ ಕುಸಿದು, ಮುನಿರಾಜನ ಲಾರಿ ಕೆಳಗಿನ ಹೊಳೆಗೆ ಬಿದ್ದಿತ್ತು. ಲಾರಿ ಕಂಡಿದೆ, ಅವನಿಲ್ಲ ಎಂದರು. ಎಷ್ಟು ಹೊತ್ತಿಗೆ ಎಂದು ಕೇಳಿದೆ. ಮಧ್ಯಾಹ್ನ ಎಂದರು.

ಕುಪ್ಪಮ್ಮ ಸುಮ್ಮನಿರಲಿಲ್ಲ, ತವರಿನಿಂದ ಬಂದ ಮಂಜುಳಾಗೆ ಎಲ್ಲ ಹೇಳಿದಳು. ಮಂಜುಳಾ ನನ್ನ ಮುಂದೆ ಬಂದು ಕೂತಳು.

"ಅತ್ತೇ, ಕೇಜು ಏರ್ತಿತ್ತಾ, ಇಳೀತಿತ್ತಾ?"

"ಗೊತ್ತಾಗ್ಲಿಲ್ಲ ಕಣಮ್ಮ."

"ನಿಮಗೆ ಗೊತ್ತಾಗ್ದೆ ಇರ್ತದಾ?"

ಮುಚ್ಚಿದ ಗಣಿಯಲ್ಲಿ ಈಗಲೂ ಬಂಡೆ ಕುಸಿಯುತ್ತದೆ, ಅದೇ ಇರಬೇಕು ಎಂದು ಕೆಲವರು ಹೇಳಿದರು. ಇರಬಹುದು. ಆದರೆ ಕುಪ್ಪಮ್ಮನ ಮನೆಯ ಒಂದು ಲೋಟವೂ ಅಲುಗಿರಲಿಲ್ಲ.

ಆಮೇಲೆ ಆ ರಸ್ತೆ ಎಷ್ಟೋ ಸಲ ಮುಚ್ಚಿತು, ತೆರೆಯಿತು. ಬೇರೆಯವರ ಮಕ್ಕಳು ಲಾರಿ ಓಡಿಸುತ್ತಿದ್ದಾರೆ. ಮುನಿರಾಜ ಸಿಗಲಿಲ್ಲ. ಸಿಗುತ್ತಾನೆಂದು ನನಗೆ ಅನ್ನಿಸುವುದೂ ಇಲ್ಲ. ಮಂಜುಳಾ ಮಾತ್ರ ತಾಳಿ ತೆಗೆದಿಲ್ಲ. ಕೂಲಿಯಿಂದ ಬರುವಾಗ ಆ ಬೇಲಿಯ ಹತ್ತಿರ ಸ್ವಲ್ಪ ಹೊತ್ತು ನಿಂತು ಬರುತ್ತಾಳೆ. ಏನಾದರೂ ಕೇಳಿಸಿತೇ ಎಂದು ನಾನು ಕೇಳುವುದಿಲ್ಲ. ಒಂದೇ ಒಂದು ಮಾತು ಅವಳು ನನ್ನನ್ನು ಕೇಳಿದ್ದು: ಏರುತ್ತಿತ್ತೋ, ಇಳಿಯುತ್ತಿತ್ತೋ.