ಉಪ್ಪಿಗೆ ಸಾಕ್ಷಿ

ಹದಿನೆಂಟು ವರ್ಷ ಬೇಕರಿಯಲ್ಲಿ ಹಿಟ್ಟು ನಾದಿದವಳಿಗೆ ನಲವತ್ಮೂರನೆಯ ವಯಸ್ಸಿನಲ್ಲಿ ಯೂನಿವರ್ಸಿಟಿಗೆ ಹೋಗುವ ಹುಚ್ಚು ಹಿಡಿಯಿತು. ಹುಚ್ಚು ಅಂದವರು ನೆಂಟರು. ಅವಳು ಮಾತ್ರ ಆಸೆ ಅಂದಳು. ಹಿಟ್ಟು ಒಂದು ದಿನ ಯಾಕೆ ಉಬ್ಬುತ್ತದೆ, ಇನ್ನೊಂದು ದಿನ ಯಾಕೆ ಮುನಿಸಿಕೊಂಡು ಕೂರುತ್ತದೆ ಎಂಬುದನ್ನು ಓದಿ ತಿಳಿಯಬೇಕಿತ್ತು ಅವಳಿಗೆ. ಹೊರದೇಶದ ಒಂದು ಯೂನಿವರ್ಸಿಟಿ ಆಹಾರ ವಿಜ್ಞಾನಕ್ಕೆ ಸೀಟು ಕೊಟ್ಟಿತು, ಜೊತೆಗೊಂದು ಕೊಕ್ಕೆಯನ್ನೂ ಹಾಕಿತು. ಮೊದಲು ಹನ್ನೆರಡು ವಾರ ಅಲ್ಲೇ ಬಂದು ಕೂತು ಓದುಬರಹದ ಇಂಗ್ಲಿಷ್ ಕಲಿಯಬೇಕು, ಕೊನೆಗೊಂದು ಪ್ರಬಂಧ ಬರೆದು ಪಾಸಾಗಬೇಕು. ಫೇಲಾದರೆ ಸೀಟೂ ಇಲ್ಲ, ಗೀಟೂ ಇಲ್ಲ, ಪೆಟ್ಟಿಗೆ ಕಟ್ಟಿಕೊಂಡು ಮನೆಗೆ.

ಗಂಡ ಏನಾದರೂ ಹೇಳುವ ಮೊದಲೇ ಅತ್ತೆ ಬಾಯಿ ಹಾಕಿದ್ದರು. "ಹೋಗ್ಲಿ ಬಿಡೋ. ಹಿಟ್ಟು ನಾನು ನೋಡ್ಕೋತೀನಿ, ಒಲೆ ನೀನು ನೋಡ್ಕೋ." ಎಪ್ಪತ್ತು ದಾಟಿದ ಅತ್ತೆ ಒಂದು ಮಾತು ಆಡಿದರೆ ಆ ಬೇಕರಿಯಲ್ಲಿ ಎರಡನೆಯ ಮಾತಿಲ್ಲ.

ಇಲ್ಲಿಗೆ ಬಂದರೆ ತರಗತಿಯ ತುಂಬ ಹತ್ತೊಂಬತ್ತು ಇಪ್ಪತ್ತರ ಮಕ್ಕಳು. ಮೊದಲ ದಿನವೇ ಅವಳನ್ನು ಆಂಟಿ ಮಾಡಿ ಕೂರಿಸಿದವು. ಅವಳ ಇಂಗ್ಲಿಷ್ ಗಿರಾಕಿಗಳ ಜೊತೆ ಮಾತಾಡಿ ಮಾತಾಡಿ ಕಲಿತದ್ದು. ಚೌಕಾಸಿಗೆ ಧಾರಾಳವಾಗಿ ಸಾಕು, ಪ್ರಬಂಧಕ್ಕೆ ಸಾಲದು. ಮೇಷ್ಟ್ರು ಅವಳ ತಮ್ಮನ ವಯಸ್ಸಿನವರು, ಗಟ್ಟಿಯಾಗಿ ಒಂದು ಮಾತಾಡದ ಸಾಧು ಮನುಷ್ಯ. ಆದರೆ ಕೈಗೆ ಪೆನ್ಸಿಲ್ ಬಂತೋ, ಮುಗಿಯಿತು. ಪ್ರತಿ ಸಾಲಿನ ಪಕ್ಕದಲ್ಲೂ ಒಂದೇ ಪ್ರಶ್ನೆ: ಯಾರು ಹೇಳಿದ್ದು? ಚಳಿಯಲ್ಲಿ ಹಿಟ್ಟು ನಿಧಾನಕ್ಕೆ ಉಬ್ಬುತ್ತದೆ ಎಂದು ಬರೆದಳು. ಯಾರು ಹೇಳಿದ್ದು? ಹಿಟ್ಟೇ ಹೇಳಿದ್ದು, ಇನ್ಯಾರು ಹೇಳಬೇಕು!

ಅದು ಸಾಲದೆಂದು ಇನ್ನೊಂದು ಕಾಟ. ಯಾವುದನ್ನೂ ಖಂಡಿತ ಅನ್ನುವ ಹಾಗಿಲ್ಲ, ಎಲ್ಲಕ್ಕೂ 'ಇರಬಹುದು' ಅಂಟಿಸಬೇಕು. ಉರಿಯುವ ಒಲೆ ಬಿಸಿ ಎಂದು ಬರೆದರೂ 'ಬಿಸಿಯಿರಬಹುದು' ಎಂದು ತಿದ್ದುವ ಆಸಾಮಿ. ಆರನೆಯ ವಾರದ ಹೊತ್ತಿಗೆ ಈ ರೋಗ ಅವಳ ನಾಲಿಗೆಗೂ ಹತ್ತಿತು. ನಲ್ಲಿ ತೆರೆದೇ ಬಿಟ್ಟವರು ಯಾರು ಎಂದು ಬಾಡಿಗೆ ಮನೆಯೊಡತಿ ಕೇಳಿದರೆ, "ನಾನಿರಬಹುದು, ಆದ್ರೆ ಇನ್ನೂ ಪುರಾವೆ ಬೇಕು" ಅಂದುಬಿಟ್ಟಳು. ಆ ದಿನ ಅವಳು ತಿಂದ ಬೈಗುಳದಲ್ಲಿ 'ಇರಬಹುದು' ಒಂದೂ ಇರಲಿಲ್ಲ.

ಕೊನೆಯ ಪ್ರಬಂಧಕ್ಕೆ ತಮ್ಮ ತಮ್ಮ ಕಸುಬಿನ ವಿಷಯವನ್ನೇ ಆರಿಸಿಕೊಳ್ಳಬಹುದಿತ್ತು. ಬ್ರೆಡ್ಡಿನ ಹಿಟ್ಟಿಗೆ ಉಪ್ಪು ಯಾವಾಗ ಹಾಕಬೇಕು ಎಂಬುದನ್ನು ಆರಿಸಿಕೊಂಡಳು. ಲೈಬ್ರರಿಯಲ್ಲಿ ಎರಡು ದಪ್ಪ ಪುಸ್ತಕ ಸಿಕ್ಕವು. ಒಂದು ಮೊದಲೇ ಹಾಕು ಅನ್ನುತ್ತದೆ, ಇನ್ನೊಂದು ಹಿಟ್ಟು ನೆನೆದ ಮೇಲೆ ಹಾಕು ಅನ್ನುತ್ತದೆ. ಒಂದೇ ಮನೆಯ ಓರಗಿತ್ತಿಯರ ಹಾಗೆ ಒಂದಕ್ಕೊಂದು ಆಗಿಬರುವುದಿಲ್ಲ. ಅವಳು ಜಗಳ ಬಿಡಿಸುವವಳ ಗತ್ತಿನಲ್ಲಿ ಬರೆದಳು: ನಮ್ಮ ಬೇಕರಿಯಲ್ಲಿ ಹದಿನೆಂಟು ವರ್ಷ ಉಪ್ಪನ್ನು ಅರ್ಧ ಗಂಟೆ ತಡವಾಗಿಯೇ ಹಾಕಿದ್ದು, ಬ್ರೆಡ್ ಹತ್ತಿಯಷ್ಟು ಮೆತ್ತಗೆ ಬರುತ್ತಿತ್ತು. ಪ್ರಬಂಧದ ಜೀವವೇ ಆ ಸಾಲು. ಪೆನ್ಸಿಲ್ ನೇರವಾಗಿ ಅಲ್ಲಿಗೇ ಬಂತು.

"ಇದು ಯಾರು ಹೇಳಿದ್ದು?"

"ನಾನೇ, ಸರ್. ಹಾಕಿದ್ದೂ ನಾನೇ."

"ನೀವೊಬ್ರೇ ಹೇಳಿದ್ರೆ ಆಗಲ್ಲ. ಅಲ್ಲಿ ಬೇರೆ ಯಾರಿದ್ರು?"

"ನಮ್ಮತ್ತೆ ಇದ್ರು."

"ಸರಿ ಹೋಯ್ತು. ಫೋನ್ ಮಾಡಿ ಕೇಳಿ, ಅವ್ರು ಹೇಳಿದ್ದನ್ನ ಹೆಸರು, ತಾರೀಕು ಹಾಕಿ ಬರೀರಿ. ಅದೂ ಪುರಾವೆನೇ. ಅದಿಲ್ದೆ ಈ ಪ್ರಬಂಧ ಪಾಸಾಗೋದು ಕಷ್ಟ. ಸೋಮವಾರ ಕೊನೇ ದಿನ."

ಕಷ್ಟ ಇದ್ದದ್ದೇ ಅಲ್ಲಿ. ಯಾಕೆಂದರೆ ಅತ್ತೆಯ ಕಾನೂನೇ ಬೇರೆ: ಉಪ್ಪು ಮೊದಲು, ಹಿಟ್ಟಿನ ಜೊತೆಗೇ. ಈ ಸೊಸೆಯೋ, ಅತ್ತೆ ಅಳೆದು ಕೊಟ್ಟ ಉಪ್ಪಿನ ಬಟ್ಟಲನ್ನು ಮೆಲ್ಲಗೆ ಚೀಲದ ಹಿಂದೆ ಸರಿಸಿಟ್ಟು, ಅತ್ತೆ ಒಲೆಯ ಕಡೆ ತಿರುಗಿದ ಹೊತ್ತು ನೋಡಿ ಸುರಿದು ನಾದುತ್ತಿದ್ದಳು. ಬ್ರೆಡ್ಡಿಗೆ ಹೆಸರು ಬಂತು. ಉಪ್ಪು ಮೊದಲೇ ಬೀಳಬೇಕು, ಅದೇ ನಮ್ಮ ಗುಟ್ಟು ಎಂದು ಅತ್ತೆ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು, ಇವಳು ಪಕ್ಕದಲ್ಲಿ ನಿಂತು ಹೂಂಗುಟ್ಟುತ್ತಿದ್ದಳು. ಈಗ ಸೀಟು ಉಳಿಯಬೇಕಾದರೆ ಆ ಕಳ್ಳತನಕ್ಕೆ ಅತ್ತೆಯೇ ಸಾಕ್ಷಿ ಹೇಳಬೇಕು.

ಭಾನುವಾರ ಮಧ್ಯಾಹ್ನ ಲೈಬ್ರರಿಯ ಮೆಟ್ಟಿಲ ಮೇಲೆ ಕೂತು ಫೋನ್ ಮಾಡಿದಳು. ಊಟ, ನಿದ್ದೆ, ಮಂಡಿನೋವು ಎಲ್ಲ ವಿಚಾರಿಸಿದ್ದಾಯಿತು. ಆಮೇಲೆ ಕಲಿತ ವಿದ್ಯೆಯೆಲ್ಲ ಖರ್ಚು ಮಾಡಿದಳು.

"ಅತ್ತೆ, ನಮ್ಮ ಬೇಕರೀಲಿ ಕೆಲವು ಸಲ ಉಪ್ಪು ಸ್ವಲ್ಪ ತಡವಾಗಿ ಬಿದ್ದಿರಬಹುದು ಅಂತ ಒಂದು ಅಭಿಪ್ರಾಯ ಇದೆ."

"ಯಾರು ಹೇಳಿದ್ದು?" ಅಂದರು ಅತ್ತೆ.

ಇಲ್ಲೂ ಅದೇ ಪ್ರಶ್ನೆ!

"ನಾನೇ, ಅತ್ತೆ. ಹದಿನೆಂಟು ವರ್ಷ ತಡವಾಗೇ ಹಾಕಿದ್ದು. ನೀವು ಒಲೆ ಕಡೆ ತಿರುಗ್ದಾಗ."

ಆ ಕಡೆ ಯಾರೋ ತಟ್ಟೆ ಜೋಡಿಸುವ ಸದ್ದು ಕೇಳಿಸಿತು. ತನ್ನನ್ನು ಇಲ್ಲಿಗೆ ಕಳಿಸಿದ ಮುದುಕಿಯ ಮನಸ್ಸು ನೋಯಿಸಿಬಿಟ್ಟೆನಲ್ಲ ಎಂದು ಅವಳಿಗೆ ಅಳುವೇ ಬಂತು. ಸೀಟು ಹೋದರೆ ಹೋಗಲಿ ಅನ್ನಿಸಿತು.

"ಹದಿನೆಂಟಲ್ಲ," ಅಂದರು ಅತ್ತೆ. "ಹದಿನೇಳು ವರ್ಷ ಹತ್ತು ತಿಂಗಳು. ಮೊದಲೆರಡು ತಿಂಗಳು ನೀನು ನಾನು ಹೇಳಿದ ಹಾಗೇ ಹಾಕ್ತಿದ್ದೆ."

"ನಿಮ್ಗೆ ಗೊತ್ತಿತ್ತಾ?"

"ಚೀಲದ ಹಿಂದೆ ಬಟ್ಟಲು ಕಾಣಿಸ್ದೆ ಇರೋಕೆ ನಂಗೇನು ಕಣ್ಣಿಲ್ವೇನೇ? ಬ್ರೆಡ್ ಚೆನ್ನಾಗಿ ಬರ್ತಿತ್ತು. ಎಲ್ಲರ ಮುಂದೆ ಆಡಿದ ಮಾತು ವಾಪಸ್ ತಗೊಳ್ಳೋಕೆ ನಂಗೆ ಆಗ್ಲಿಲ್ಲ. ಅದಕ್ಕೇ ಅರ್ಧ ಗಂಟೆ ಆಗ್ತಿದ್ದ ಹಾಗೆ ಒಲೆ ಕಡೆ ತಿರುಗ್ತಿದ್ದೆ. ಇಲ್ದಿದ್ರೆ ದಿನಾ ಅದೇ ಹೊತ್ತಿಗೆ ಅಲ್ಲಿ ನಂಗೇನಿತ್ತು ಕೆಲ್ಸ?"

ಅವಳು ಮೆಟ್ಟಿಲ ಮೇಲೆ ಕೂತು ಅಳುತ್ತ ನಕ್ಕಳು. ಮೂಗು ಒರೆಸಿಕೊಂಡು ಹದಿನೆಂಟನ್ನು ಹೊಡೆದು ಹಾಕಿ ಹದಿನೇಳು ವರ್ಷ ಹತ್ತು ತಿಂಗಳು ಎಂದು ತಿದ್ದಿದಳು. ಪಕ್ಕದಲ್ಲಿ ಅತ್ತೆಯ ಪೂರ್ತಿ ಹೆಸರು, ಆ ದಿನದ ತಾರೀಕು ಬರೆದಳು. 'ಇರಬಹುದು' ಹಾಕಲಿಲ್ಲ.

ವಾರದ ಮೇಲೆ ಪ್ರಬಂಧ ವಾಪಸ್ ಬಂತು. ಪುಟದ ತುಂಬ ಪೆನ್ಸಿಲ್ ಗೀಚು, ಆ ಒಂದು ಸಾಲಿನ ಪಕ್ಕ ಮಾತ್ರ ಖಾಲಿ. ಪಾಸಾಗಿದ್ದಳು. ಅಲ್ಲಿಂದಲೇ ಅತ್ತೆಗೆ ಫೋನ್ ಮಾಡಿ ಸುದ್ದಿ ಹೇಳಿದಳು. ಪ್ರಬಂಧದಲ್ಲಿ ಆ ಎರಡು ದಪ್ಪ ಪುಸ್ತಕ ಬರೆದ ಪ್ರೊಫೆಸರುಗಳ ನಡುವೆ ತಮ್ಮ ಹೆಸರೂ ಇದೆ ಎಂದು ಕೇಳಿ ಅತ್ತೆ ಮೊದಲು ಅವರಿಗೆ ಹಿಟ್ಟು ನಾದಲು ಬರುತ್ತದೋ ಎಂದು ವಿಚಾರಿಸಿದರು.

"ಅದಿರ್ಲಿ ಅತ್ತೆ, ಈಗ ಉಪ್ಪು ಯಾವಾಗ ಹಾಕ್ತಿದ್ದೀರಿ?"

ಅತ್ತೆ ದನಿ ತಗ್ಗಿಸಿದರು.

"ಅರ್ಧ ಗಂಟೆ ಬಿಟ್ಟು. ನಿನ್ ಗಂಡ ಒಲೆ ಕಡೆ ತಿರುಗ್ದಾಗ."