ಮಗುಚಿದ ಗಂಜಿ ಬಟ್ಟಲು

ದುರ್ಗಮ್ಮನನ್ನು ನಂಬಿ ಬದುಕುವ ಎಲ್ಲರಿಗೂ ಬಿಜೂರಿನ ಈ ಭಕ್ತನ ನಮಸ್ಕಾರ.

ಕಳೆದ ವರ್ಷ ಮಳೆಗಾಲ ಇಳಿಯುವ ಸೋಣೆ ತಿಂಗಳಲ್ಲಿ ನನ್ನ ಹೆಂಡತಿ ಗಿರಿಜೆಗೆ ಪಾರ್ಶ್ವವಾಯು ಬಡಿಯಿತು. ಕುಂದಾಪುರದ ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಮಾತು ಹೋಯಿತು. ಬರೆದು ತೋರಿಸಿದರೆ ಅಕ್ಷರವೂ ಗುರುತು ಸಿಗುತ್ತಿರಲಿಲ್ಲ. "ಮಾತು ಬಂದರೂ ಬರಬಹುದು, ಕಾಯಿರಿ," ಎಂದಷ್ಟೇ ಹೇಳಿದರು ಡಾಕ್ಟರು.

ನಾನು ಅಂಗಡಿಗಳಿಗೆ ಬಿಲ್ ಮಾಡುವ ಪ್ರೋಗ್ರಾಂ ಬರೆದು ಬದುಕುವವನು. ಗೆಳೆಯ ಸದಾನಂದ ನನ್ನ ಜೊತೆಗಾರ. ಗಿರಿಜೆಗಾಗಿ ಇಬ್ಬರೂ ಸೇರಿ ಒಂದು ಪ್ರೋಗ್ರಾಂ ಮಾಡಿದೆವು. ಕಂಪ್ಯೂಟರಿನಲ್ಲಿ ಸಿದ್ಧವಾಗಿ ಸಿಗುವ ಬಟನ್‌ಗಳೆಂದರೆ ಬೂದು ಬಣ್ಣ, ಮೇಲೆ ಅಕ್ಷರ. ಅವು ಅವಳಿಗೆ ಪ್ರಯೋಜನವಿಲ್ಲ. ಅದಕ್ಕೇ ಸದಾನಂದ ಒಂದೊಂದು ಬಟನ್ನನ್ನೂ ಗೆರೆ ಗೆರೆಯಾಗಿ ಕೋಡಿನಲ್ಲೇ ಬಿಡಿಸಿದ. ಗಂಜಿ ಬಟ್ಟಲು, ನೀರಿನ ಚೆಂಬು, ಹಾಸಿಗೆ. ಗಿರಿಜೆ ಪರದೆಯ ಮೇಲಿನ ಚಿತ್ರ ಮುಟ್ಟಿದರೆ ಲ್ಯಾಪ್‌ಟಾಪು ಆ ಹೆಸರು ಹೇಳುತ್ತಿತ್ತು. ದುರ್ಗಮ್ಮನ ಗುಡಿಯಲ್ಲಿ ನಾನು ಸದಾನಂದನ ಹೆಸರಿನಲ್ಲೂ ಪೂಜೆ ಮಾಡಿಸಿದೆ.

ಒಂದು ಬೆಳಿಗ್ಗೆ ಪ್ರೋಗ್ರಾಂ ತೆರೆಯಲಿಲ್ಲ. 'ಅನುಮತಿ ಮುಗಿದಿದೆ' ಎಂಬ ಒಂದೇ ಸಾಲು. ಗಿರಿಜೆ ಖಾಲಿ ಪರದೆಯನ್ನು ಬೆರಳಲ್ಲಿ ಒತ್ತಿದಳು, ಮತ್ತೆ ಒತ್ತಿದಳು, ನನ್ನ ಮುಖ ನೋಡಿದಳು. ಸದಾನಂದ ಫೋನ್ ಎತ್ತಲಿಲ್ಲ. ಬಸ್ಸು ಹಿಡಿದು ಬ್ರಹ್ಮಾವರಕ್ಕೆ, ಅವನು ಹೊಸದಾಗಿ ಸೇರಿದ್ದ ಕಂಪನಿಗೆ ಹೋದೆ. ಅಲ್ಲಿ ಗೋಡೆಯ ದೊಡ್ಡ ಪರದೆಯಲ್ಲಿ ನಮ್ಮದೇ ಚಿತ್ರಗಳು, ಕೆಳಗೆ ಅವನೊಬ್ಬನ ಹೆಸರು.

"ಅದ್ ನಮ್ ಗಿರಿಜೆದ್ ಮಾರಾಯ," ಎಂದೆ ಎದುರು ಬಂದ ಸದಾನಂದನಿಗೆ.

"ಚಿತ್ರ ಬಿಡ್ಸದ್ ನಾನಲ್ದಾ? ಈಗ ಅದ್ ಕಂಪನಿದ್. ಬೇಕಾರೆ ಅವ್ರ್ ಹತ್ರ ಕೇಣ್."

ಕೂತುಕೋ ಎಂದೂ ಹೇಳಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಹೊಳೆಯಿತು. ಕೆಲವು ದಿನ ಹಿಂದೆ 'ಚೂರ್ ಸಮ ಮಾಡಿ ಕೊಡ್ತೆ' ಎಂದು ಲ್ಯಾಪ್‌ಟಾಪು ಒಯ್ದಿದ್ದನಲ್ಲ, ಅಂದೇ ಚಿತ್ರಗಳ ಕೋಡು ತೆಗೆದುಕೊಂಡು ಪ್ರೋಗ್ರಾಂಗೆ ಬೀಗ ಹಾಕಿದ್ದಾನೆ. ನಮ್ಮ ಮನೆಯಲ್ಲಿ ಉಂಡು ಹೋದ ದಿನವೇ.

ಮನೆಗೆ ಹೋಗಲು ಮುಖವಿರಲಿಲ್ಲ. ಗುಡಿಯಲ್ಲಿ ಕೂತು ಅಮ್ಮನಿಗೇ ಬೈದೆ: "ಅವ್ನೂ ನಿಂಗೆ ಕೈ ಮುಗ್ದವ್ನೇ ಅಲ್ದಾ? ನೀನ್ ಕಂಡ್ಕಂಡ್ ಸುಮ್ನೆ ಕೂಕಂಡ್ಯಾ?" ಗಿರಿಜೆಗೆ ಮಾತು ಕೊಡು ಎಂದು ಬೇಡಿಕೊಂಡದ್ದು ಆಮೇಲೆ, ಅಳು ಮುಗಿದ ಮೇಲೆ.

ಮರುದಿನದಿಂದ ನಾನೇ ಬಿಡಿಸಲು ಕೂತೆ. ಆ ಕೆಲಸ ನನಗೆ ತಿಳಿಯದು. ಬಿಡಿಸಿದ ಚಿತ್ರದ ಮೇಲೆ ಇನ್ನೊಂದು ವಿಂಡೋ ಬಂದು ಹೋದರೆ ಸಾಕು, ಚಿತ್ರ ಅಳಿಸಿಹೋಗುತ್ತಿತ್ತು. ಕಂಪ್ಯೂಟರ್ ಕೇಳಿದಾಗಲೆಲ್ಲ ಹೊಸದಾಗಿ ಬಿಡಿಸಿಕೊಡಬೇಕು ಎಂಬುದು ಅರ್ಥವಾಗಲು ಎಷ್ಟೋ ದಿನ ಹಿಡಿಯಿತು. ಒಂದೊಂದು ಗೆರೆ ಎಳೆಯುವಾಗಲೂ ಅವನ ಮಾತೇ ಕಿವಿಯಲ್ಲಿ.

ಕೊನೆಗೆ ಒಂದು ಶುಕ್ರವಾರ ಗಂಜಿ ಬಟ್ಟಲು ತಯಾರಾಯಿತು. ಶಾಲೆಯಲ್ಲಿ ಕಲಿತಂತೆ ನಾನು ಕೆಳಗಿನಿಂದ ಮೇಲಕ್ಕೆ ಅಳತೆ ಹಾಕಿದ್ದೆ. ಪರದೆಯ ಲೆಕ್ಕ ಮೇಲಿನಿಂದ ಕೆಳಕ್ಕೆ. ಗಿರಿಜೆಯ ಮುಂದೆ ಬಟ್ಟಲು ಪೂರಾ ಮಗುಚಿಕೊಂಡು ಕಾಣಿಸಿತು. ಅದನ್ನೂ ನೋಡಿದಳು, ನನ್ನನ್ನೂ ನೋಡಿದಳು. ಬಾಯಿ ಒಂದು ಕಡೆಗೆ ಎಳೆಯಿತು.

"ಹ್ವಾಯ್... ಗಂಜಿ ಚೆಲ್ತ್!"

ಅಷ್ಟು ತಿಂಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು ಅದು. ನಕ್ಕದ್ದು ಅವಳು, ಅತ್ತದ್ದು ನಾನು.

ಹೀಗೆ ಒಮ್ಮೊಮ್ಮೆ ಆಗುವುದುಂಟು ಎಂದರು ಡಾಕ್ಟರು. ಇರಬಹುದು. ನಾನು ಬೇಡಿದ್ದು ಅಮ್ಮನಲ್ಲಿ, ಕೊಟ್ಟವಳೂ ಅವಳೇ. ಈಗ ಒಂದೊಂದೇ ಮಾತು ಮರಳುತ್ತಿದೆ. ಮೊನ್ನೆ ಗಿರಿಜೆ ಬಾಗಿಲ ಕಡೆ ನೋಡುತ್ತ ಕೇಳಿದಳು: "ಸದಾನಂದಣ್ಣ... ಬರ್ಲಿಲ್ಯಾ?"

ಅವಳಿಗೆ ಏನೂ ಗೊತ್ತಿಲ್ಲ. "ಅವ್ನಿಗೆ ಕೆಲ್ಸ ಅಂಬ್ರ್," ಎಂದು ಕೆಲಸದ ನೆಪ ಹೇಳಿದೆ.

ಅವನನ್ನು ಕ್ಷಮಿಸುವ ಮನಸ್ಸು ನನಗಿನ್ನೂ ಬಂದಿಲ್ಲ. ಅದನ್ನೂ ಅಮ್ಮನ ಮುಂದೆ ಮುಚ್ಚಿಡದೆ ಹೇಳಿದ್ದೇನೆ. ಅವಳು ಕೇಳಿಸಿಕೊಳ್ಳುತ್ತಾಳೆ, ಇನ್ನು ಆ ಬಗ್ಗೆ ನನಗೆ ಸಂಶಯವಿಲ್ಲ.